ಗೇಟ್ ಅಳೆದು ಕೊಂಡ ಕಾರು

ನಮ್ಮ ಮನೆ ಇರುವುದು ಹನುಮಂತನಗರದಲ್ಲಿ. 30-40 ಸೈಟು, ಅಪ್ಪ ಕಟ್ಟಿಸಿದ್ದು. ಗೇಟ್ ಇಡಿಸುವಾಗ ಮನೆಯಲ್ಲಿ ಇದ್ದದ್ದು ಒಂದು ಸ್ಕೂಟರ್ ಮಾತ್ರ. ಆಮೇಲೆ ಮಾರುತಿ 800 ಬಂತು, ಅದಾದ ಮೇಲೆ ಸ್ವಿಫ್ಟ್. ಎರಡೂ ಆ ಗೇಟಿನಲ್ಲಿ ಸಲೀಸಾಗಿ ಓಡಾಡಿದವು. ಸ್ವಿಫ್ಟ್‌ಗೆ ಹದಿಮೂರು ವರ್ಷ ತುಂಬಿದಾಗ, 2025ರ ಜನವರಿಯಲ್ಲಿ, ಹೆಂಡತಿ ಮಾತು ತೆಗೆದಳು. "ರೀ, ಈ ಸಲ ಸ್ವಲ್ಪ ಎತ್ತರದ ಗಾಡಿ ನೋಡೋಣ. ಅತ್ತೆಗೆ ಬಗ್ಗಿ ಕೂರೋಕೆ ಆಗ್ತಿಲ್ಲ."

ಬೆಂಗಳೂರಲ್ಲಿ ಈಗ ಎತ್ತರದ ಗಾಡಿ ಅಂದರೆ ಕ್ರಾಸೋವರ್. ನೋಡೋಕೆ ಜೀಪಿನ ಠೀವಿ, ಒಳಗೆ ಕಾರಿನದೇ ಮೈಕಟ್ಟು. ಹೆಚ್ಚಿನವು ಮುಂದಿನ ಚಕ್ರದ ಬಲದಲ್ಲೇ ಓಡುವುದು. ಕ್ರೆಟಾ, ಸೆಲ್ಟೋಸ್, ಎಲಿವೇಟ್, ಹೈರೈಡರ್, ಗ್ರ್ಯಾಂಡ್ ವಿಟಾರಾ, ಕುಶಾಕ್ ಅಂತ ಪಟ್ಟಿ ಮಾಡಿಕೊಂಡೆ. ನನ್ನದು ಚಾಮರಾಜಪೇಟೆಯಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಇಂಚು, ಮಿಲಿಮೀಟರ್ ನೋಡಿದರೆ ಕೈ ಸುಮ್ಮನಿರುವುದಿಲ್ಲ.

ಮೊದಲು ಮಾಡಿದ ತಪ್ಪು ಅಂದರೆ, ಸಿಕ್ಕಸಿಕ್ಕ ಓನರ್‌ಗಳನ್ನು ನಿಲ್ಲಿಸಿ "ಹೇಗಿದೆ ಸಾರ್ ಗಾಡಿ?" ಅಂತ ಕೇಳಿದ್ದು. ಎಲ್ಲರದೂ ಒಂದೇ ಉತ್ತರ: "ಸೂಪರ್ ಸಾರ್, ಕಣ್ಣು ಮುಚ್ಚಿ ತಗೊಳ್ಳಿ." ಹದಿನೆಂಟು ಲಕ್ಷ ಸುರಿದು ಇಎಂಐ ಕಟ್ಟುತ್ತಿರುವವರು ಬೇರೆ ಏನು ಹೇಳಿಯಾರು? ಎರಡು ವಾರ ಇದೇ ಆಯಿತು. ಆಮೇಲೆ ಪ್ರಶ್ನೆ ಬದಲಾಯಿಸಿದೆ. ಹೋದ ಸರ್ವಿಸ್ ಬಿಲ್ ಎಷ್ಟಾಯ್ತು? ವಾರಂಟಿಯಲ್ಲಿ ಏನೇನು ಬದಲಾಯಿಸಿಕೊಟ್ಟರು? ತಗೊಂಡ ಮೇಲೆ ಒಂದು ಸಲವೂ ಮುಟ್ಟದ ಬಟನ್ ಯಾವುದು? ಈ ಮೂರನೆಯದಕ್ಕೆ ಮಾತ್ರ ಜನ ನಗುತ್ತಾ ಬಾಯಿ ಬಿಟ್ಟರು. ಅಲ್ಲಿಂದ ಮುಂದೆ ಉಳಿದದ್ದೂ ಹೊರಗೆ ಬಂತು.

ಹೆಚ್ಚು ಬಂದ ಉತ್ತರ ಸನ್‌ರೂಫ್. ಮಕ್ಕಳು ಮೊದಲ ತಿಂಗಳು ತಲೆ ಹೊರಗೆ ಹಾಕಿ ನಿಂತರಂತೆ (ದಯವಿಟ್ಟು ಬಿಡಬೇಡಿ, ಒಂದು ಗಟ್ಟಿ ಬ್ರೇಕ್ ಸಾಕು), ಆಮೇಲೆ ಬಿಸಿಲಿಗೂ ಧೂಳಿಗೂ ಹೆದರಿ ಪರದೆ ಎಳೆದದ್ದು ಹಾಗೇ ಇದೆ. ಎರಡನೆಯದು ಲೇನ್ ಅಸಿಸ್ಟ್, ಅಂದರೆ ಗಾಡಿ ಲೇನ್ ಬಿಟ್ಟು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ. ನಮ್ಮ ರಸ್ತೆಗಳಲ್ಲಿ ಲೇನ್ ಎಲ್ಲಿ ಬಂತು, ಅಲ್ವಾ? ತಾನಾಗೇ ಬ್ರೇಕ್ ಹಾಕುವ ವ್ಯವಸ್ಥೆ ಇದ್ದ ಒಬ್ಬರು, ಸಿಟಿಯೊಳಗೆ ಬೈಕ್‌ನವರು ಅಡ್ಡ ನುಗ್ಗಿದಾಗಲೆಲ್ಲ ಅದು ಕೂಗಿಕೊಳ್ಳುತ್ತದೆ ಅಂತ ಆಫ್ ಮಾಡಿಟ್ಟಿದ್ದರು. ತುಮಕೂರು ರೋಡಿಗೆ ಬಿದ್ದ ಮೇಲೆ ಆನ್ ಮಾಡುತ್ತಾರಂತೆ. ಮುಂದಿನ ಸೀಟಿನಿಂದ ತಂಪು ಗಾಳಿ ಬರುವ ಸೌಲಭ್ಯವನ್ನು ಮಾತ್ರ ಇದ್ದವರೆಲ್ಲ ಹೊಗಳಿದರು. ಕ್ರೆಟಾ, ಸೆಲ್ಟೋಸ್‌ನ ಮೇಲಿನ ವೇರಿಯಂಟ್‌ಗಳಲ್ಲಿ ಅದು ಇದೆ.

ಗೇರ್ ಬಾಕ್ಸ್ ವಿಷಯ ಗೊತ್ತಾದದ್ದು ಬೆಳ್ಳಂದೂರಿನಲ್ಲಿ ಕೆಲಸ ಮಾಡುವ ಗೆಳೆಯನಿಂದ. ಅವನ ಗಾಡಿ ಯಾವುದು ಅನ್ನುವುದು ಬೇಡ, ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್, ಅಂದರೆ ಎರಡು ಕ್ಲಚ್ ಇಟ್ಟುಕೊಂಡು ಗೇರನ್ನು ತಾನೇ ಬದಲಾಯಿಸುವಂಥದ್ದು. ಒಂದು ಮಳೆ ಸಂಜೆ ಸಿಲ್ಕ್ ಬೋರ್ಡ್ ದಾಟುವ ಹೊತ್ತಿಗೆ ಗೇರ್ ಬಾಕ್ಸ್ ಬಿಸಿಯಾಗಿದೆ ಅಂತ ಡ್ಯಾಶ್‌ಬೋರ್ಡ್ ಮೇಲೆ ಸೂಚನೆ ಬಂತಂತೆ. ಕಾರಣ ಸರಳ. ಈ ಗಾತ್ರದ ಗಾಡಿಗಳಲ್ಲಿ ಬರುವ ಡ್ಯುಯಲ್ ಕ್ಲಚ್ ಸಾಮಾನ್ಯವಾಗಿ ಡ್ರೈ ಕ್ಲಚ್. ತಣ್ಣಗೆ ಮಾಡಲು ಅದರ ಸುತ್ತ ಆಯಿಲ್ ಇರುವುದಿಲ್ಲ. ಟ್ರಾಫಿಕ್‌ನಲ್ಲಿ ಅಡಿ ಅಡಿಯಾಗಿ ತೆವಳುವಾಗ ಗಾಡಿ ನಮ್ಮ ಪರವಾಗಿ ಹಾಫ್ ಕ್ಲಚ್ ಹಿಡಿದಿರುತ್ತದೆ. ಹೆದ್ದಾರಿಯಲ್ಲಿ ಅದರಷ್ಟು ಚುರುಕು ಬೇರೆ ಇಲ್ಲ, ಗೆಳೆಯನೂ ಅದನ್ನೇ ಹೇಳುತ್ತಾನೆ. ಅವನಿಗೆ ಮೆಕ್ಯಾನಿಕ್ ಕೊಟ್ಟ ಬುದ್ಧಿ: ಮುಂದಿನ ಗಾಡಿ ಒಂದು ಕಾರಿನಷ್ಟು ದೂರ ಹೋಗುವವರೆಗೆ ಬ್ರೇಕ್ ಬಿಡಬೇಡ. ಆದರೆ ಅಷ್ಟು ಜಾಗ ಬಿಟ್ಟರೆ ಬೆಂಗಳೂರಲ್ಲಿ ಎರಡು ಆಟೋ ಬಂದು ನಿಲ್ಲುತ್ತವೆ.

ನಮ್ಮ ಮನೆಯಲ್ಲಿ ಕಾರು ಓಡಿಸುವುದು ಹೆಚ್ಚಾಗಿ ಹೆಂಡತಿ. ವಾರಕ್ಕೆ ಮೂರು ದಿನ ಬನ್ನೇರುಘಟ್ಟ ರೋಡಿನ ಆಫೀಸು. ಹಾಗಾಗಿ ನಮಗೆ ಬೆಲ್ಟ್ ಮೇಲೆ ಓಡುವ ಸಿವಿಟಿ, ಆಯಿಲ್ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್, ಇಲ್ಲವಾದರೆ ಇಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುವ ಹೈಬ್ರಿಡ್ ಅಂತ ತೀರ್ಮಾನವಾಯಿತು.

ಇನ್ನು ಅಳತೆ. ಬ್ರೋಷರ್ ನೋಡಿದರೆ ಎಲ್ಲವೂ ಅಣ್ಣತಮ್ಮಂದಿರು. ಕ್ರೆಟಾ ಉದ್ದ 4330 ಮಿಲಿಮೀಟರ್, ಎಲಿವೇಟ್ 4312, ಹೈರೈಡರ್ ಮತ್ತು ಆಗಿನ ಸೆಲ್ಟೋಸ್ 4365, ಕುಶಾಕ್ 4225. ಅಗಲದಲ್ಲಿ ಕುಶಾಕ್ 1760, ಮಿಕ್ಕವು 1790ರಿಂದ 1800. ಬ್ರೋಷರ್‌ನಲ್ಲಿ ಕೊಡುವ ಅಗಲದಲ್ಲಿ ಸೈಡ್ ಕನ್ನಡಿ ಸೇರಿರುವುದಿಲ್ಲ. ಇದು ನನಗೆ ಗೊತ್ತಾದದ್ದು ಟೇಪ್ ಹಿಡಿದ ಮೇಲೆ. 1790 ಅಂದರೆ ಐದು ಅಡಿ ಹತ್ತೂವರೆ ಇಂಚು. ಎರಡೂ ಕನ್ನಡಿ ಹೊರಗೆ ಚಾಚಿ ಅಳೆದರೆ ಆರೂಮುಕ್ಕಾಲು ಅಡಿ ಹತ್ತಿರ. ನಮ್ಮ ಗೇಟಿನ ಬಾಯಿ ಏಳೂವರೆ ಅಡಿ.

ಒಂದು ಭಾನುವಾರ ಪೋರ್ಟಿಕೋದಲ್ಲಿ ರಂಗೋಲಿ ಪುಡಿಯಿಂದ ಕಾರಿನ ಆಕಾರ ಬರೆದೆ. ಅಮ್ಮ ಹೊರಗೆ ಬಂದವರು, "ಇದೇನೋ, ಇನ್ನೂ ಬರದ ಕಾರಿಗೆ ರಂಗೋಲಿನಾ?" ಅಂದರು. ಬರೆದ ಮೇಲೆ ಎರಡು ವಿಷಯ ಕಂಡವು. ಮೂತಿ ಮುಂದೆ ಮಾಡಿ ಒಳಗೆ ತಂದರೆ ಡ್ರೈವರ್ ಬಾಗಿಲು ಕಾಂಪೌಂಡ್ ಗೋಡೆ ಕಡೆ ಬರುತ್ತದೆ, ತೆಗೆದು ಇಳಿಯೋಕೆ ಆಗಲ್ಲ. ರಿವರ್ಸ್‌ನಲ್ಲಿ ತಂದರೆ ಮೆಟ್ಟಿಲ ಕಡೆ ಬರುತ್ತದೆ, ಆರಾಮ. ಎರಡನೆಯದು ಸಂಪಿನ ಮುಚ್ಚಳ. ಅದು ಕಾರಿನ ಹೊಟ್ಟೆಯ ಕೆಳಗೇ ಬೀಳುತ್ತಿತ್ತು. ಚಕ್ರ ಅದರ ಮೇಲೆ ನಿಲ್ಲುವುದಿಲ್ಲ ನಿಜ, ಆದರೆ ಒಳಗೆ ಬರುವಾಗ ಹತ್ತಿಕೊಂಡೇ ಬರಬೇಕು. ಹಳೇ ಕಡಪಾ ಕಲ್ಲಿನ ಮುಚ್ಚಳ ತೆಗೆಸಿ ಕಬ್ಬಿಣದ್ದು ಹಾಕಿಸಿದೆ. ನೀರಿನ ಟ್ಯಾಂಕರ್ ಬಂದ ದಿನ ಕಾರನ್ನು ರಸ್ತೆಗೆ ತೆಗೆಯಲೇಬೇಕು, ಅದಕ್ಕೆ ಉಪಾಯವಿಲ್ಲ.

ಉದ್ದದಲ್ಲಿ ಗೇಟಿನಿಂದ ಹಿಂದಿನ ಗೋಡೆಗೆ ಹದಿನೈದು ಅಡಿ ಎರಡು ಇಂಚು. ಎಲಿವೇಟ್ ನಿಲ್ಲಿಸಿದರೆ ಸರಿಯಾಗಿ ಒಂದು ಅಡಿ ಉಳಿಯುತ್ತದೆ, 4365ರ ಗಾಡಿಗೆ ಹತ್ತೇ ಇಂಚು. ಎರಡು ಇಂಚಿನಲ್ಲಿ ಏನಿದೆ ಅನ್ನಬೇಡಿ. ನಮ್ಮ ಗೇಟು ಹೊರಗೆ ತೆರೆಯುವಂಥದ್ದು, ಆದರೆ ಅದರ ಚಿಲಕ ಒಳಗೆ ಚಾಚಿಕೊಂಡಿದೆ.

ನಾಲ್ಕು ಮೀಟರ್ ಒಳಗಿನ ಗಾಡಿ ಯಾಕೆ ಬೇಡ ಅಂತ ತಮ್ಮ ಕೇಳಿದ. ಬ್ರೆಜಾ 3995 ಮಿಲಿಮೀಟರ್, ಗೇಟಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ನಾವು ತಿಂಗಳಿಗೊಮ್ಮೆ ತಿಪಟೂರಿನ ಹತ್ತಿರ ನಮ್ಮೂರಿಗೆ ಹೋಗುತ್ತೇವೆ. ಬರುವಾಗ ಎರಡು ಮೂಟೆ ತೆಂಗಿನಕಾಯಿ, ಅಕ್ಕಿ, ಅಮ್ಮನ ಬ್ಯಾಗು, ಮಗಳ ಬ್ಯಾಗು. ಡಿಕ್ಕಿ ದೊಡ್ಡದಾಗಿರಲೇಬೇಕು.

ಹೈಬ್ರಿಡ್ ಮುಗ್ಗರಿಸಿದ್ದು ಅಲ್ಲೇ. ಹೈರೈಡರ್ ನನಗೆ ತುಂಬಾ ಹಿಡಿಸಿತ್ತು. ತಟ್ಟೆ ಇಡ್ಲಿಯ ಊರು ಬಿಡದಿಯಲ್ಲೇ ಅದನ್ನೂ ಗ್ರ್ಯಾಂಡ್ ವಿಟಾರಾವನ್ನೂ ತಯಾರಿಸುತ್ತಾರೆ. ಜಾಮ್‌ನಲ್ಲಿ ಇಂಜಿನ್ ಆಫ್ ಆಗಿ ಮೋಟಾರ್ ಮೇಲೆ ಸದ್ದಿಲ್ಲದೆ ಜಾರುತ್ತದೆ. ಕಂಪನಿ ಹೇಳುವ ಮೈಲೇಜ್ ಲೀಟರ್‌ಗೆ 27.97 ಕಿಲೋಮೀಟರ್. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ. ಆದರೆ ಬ್ಯಾಟರಿ ಕೂತಿರುವುದು ಡಿಕ್ಕಿ ಕೆಳಗೆ, ಅದರ ನೆಲ ಮೇಲೆದ್ದಿದೆ. ಊರಿಂದ ತಂದಿದ್ದ ಖಾಲಿ ಗೋಣಿಚೀಲಕ್ಕೆ ದಿಂಬು ತುರುಕಿ ಶೋರೂಮಿಗೆ ಒಯ್ದಿದ್ದೆ. ಒಂದು ಕೂತಿತು, ಇನ್ನೊಂದು ಕೂರಲಿಲ್ಲ. ಸೇಲ್ಸ್ ಹುಡುಗ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

ಲೆಕ್ಕವೂ ಹೊಂದಲಿಲ್ಲ. ನಮ್ಮ ಓಡಾಟ ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್. ಓನರ್‌ಗಳು ಹೇಳಿದ ಪ್ರಕಾರ ಸಿಟಿಯಲ್ಲಿ ಹೈಬ್ರಿಡ್ 21 ಕೊಟ್ಟರೆ ಪೆಟ್ರೋಲ್ ಸಿವಿಟಿ 11 ಕೊಡುತ್ತದೆ ಅಂತ ಹಿಡಿದೆ. ವರ್ಷಕ್ಕೆ ಉಳಿಯುವುದು ಸುಮಾರು 346 ಲೀಟರ್. ಲೀಟರ್‌ಗೆ 103 ರೂಪಾಯಿಯಂತೆ ಮೂವತ್ತೈದು ಸಾವಿರ ಚಿಲ್ಲರೆ. ನಾವು ನೋಡುತ್ತಿದ್ದ ವೇರಿಯಂಟ್‌ಗಳ ಕೊಟೇಶನ್‌ನಲ್ಲಿ ವ್ಯತ್ಯಾಸ ಎರಡೂವರೆ ಲಕ್ಷ. ಏಳು ವರ್ಷ ಬೇಕು. ದಿನಾ ವೈಟ್‌ಫೀಲ್ಡ್‌ಗೆ ಹೋಗಿಬರುವವರಾದರೆ ಕಣ್ಣು ಮುಚ್ಚಿ ಹೈಬ್ರಿಡ್ ತಗೊಳ್ಳಿ, ನಮಗಲ್ಲ.

ಕುಶಾಕ್‌ನ ಗಟ್ಟಿತನ ಇಷ್ಟವಾಯಿತು. 2022ರಲ್ಲಿ, ಕಾರು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಕ್ರ್ಯಾಶ್ ಟೆಸ್ಟ್‌ನಲ್ಲಿ ಐದು ಸ್ಟಾರ್ ಬಂದದ್ದು. ಗೇಟಿಗೂ ಒಳ್ಳೆಯದು. ಹಿಂದೆ ಅಮ್ಮ, ಮಗಳು, ನಾನು ಮೂವರು ಕೂತಾಗ ಭುಜ ಭುಜ ತಾಗಿತು. ಕ್ರೆಟಾದಲ್ಲಿ ಸೌಲಭ್ಯ ಜಾಸ್ತಿ, ಆದರೆ ನನ್ನ ಪಟ್ಟಿಯ "ಮುಟ್ಟದ ಬಟನ್"ಗಳೂ ಅಲ್ಲೇ ಜಾಸ್ತಿ.

ಕೊನೆಗೆ ಎಲಿವೇಟ್ ಸಿವಿಟಿ. ಡಿಕ್ಕಿ 458 ಲೀಟರ್, ನೆಲದಿಂದ ಎತ್ತರ 220 ಮಿಲಿಮೀಟರ್. ನಮ್ಮ ಗೇಟ್ ಮುಂದಿನ ಮೋರಿ ಚಪ್ಪಡಿ ಉಬ್ಬಿಕೊಂಡಿದೆ, ಡೆಮೊ ಗಾಡಿಯಲ್ಲಿ ನಾಲ್ಕೂ ಜನ, ಸೇಲ್ಸ್ ಹುಡುಗ ಸೇರಿ ಐದು ಜನ ಕೂತು ದಾಟಿಸಿದೆವು. ತಾಗಲಿಲ್ಲ. ಅಮ್ಮನ ಪರೀಕ್ಷೆ ಬೇರೆ ಇತ್ತು. ಬಾಗಿಲು ತೆಗೆದು ಸೀಟಿನ ಅಂಚಿಗೆ ಕೂತಾಗ ಎರಡೂ ಪಾದ ನೆಲಕ್ಕೆ ಸಿಗಬೇಕು, ಹತ್ತಲೂಬಾರದು, ಇಳಿಯಲೂಬಾರದು. "ಇದು ನಮ್ಮ ಜಗಲಿ ಎತ್ತರ ಇದೆ ಕಣೋ" ಅಂದರು. ಅಲ್ಲಿಗೆ ಮುಗಿಯಿತು.

ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಮೊದಲು ಕೂಗುತ್ತದೆ, ಗಾಡಿ ಆಮೇಲೆ ಓಡುತ್ತದೆ. ಸಿವಿಟಿಯ ಗುಣವೇ ಅದು. ಮೆಲ್ಲಗೆ ಒತ್ತಿದರೆ ಬೆಣ್ಣೆ.

2025ರ ಯುಗಾದಿಗೆ ಗಾಡಿ ಮನೆಗೆ ಬಂತು. ದುಡ್ಡು ಕಟ್ಟುವ ಮುಂಚೆ ಯಾರ್ಡಿಗೆ ಹೋಗಿ ಟೈರ್ ಮೇಲಿನ ನಾಲ್ಕಂಕಿಯ ನಂಬರ್ ಓದಿದೆ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ಶೋರೂಮಿನವರು ಮೊದಲು ತೋರಿಸಿದ ಗಾಡಿಯ ಟೈರ್ ಹತ್ತು ತಿಂಗಳು ಹಳೆಯದು. ಬೇರೆ ಗಾಡಿ ಕೊಡಿ ಅಂದೆ, ಗೊಣಗಿಕೊಂಡು ಕೊಟ್ಟರು. ರೋಡ್ ಟ್ಯಾಕ್ಸ್ ಮಾತ್ರ ಗೊಣಗಿದರೂ ಇಳಿಯಲ್ಲ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಗಾಡಿಗೆ 17%, ಅದರ ಮೇಲೆ ಸೆಸ್. ಆರು ತಿಂಗಳು ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 22ಕ್ಕೆ, ಈ ಗಾತ್ರದ ಗಾಡಿಗಳ ಮೇಲಿನ ಜಿಎಸ್‌ಟಿ ಸೆಸ್ ಸೇರಿ 45% ಇದ್ದದ್ದು 40% ಆಯಿತು. ತಮ್ಮ ಆ ದಿನ ಬೆಳಗ್ಗೆಯೇ ಫೋನ್ ಮಾಡಿ ನಕ್ಕ.

ನಂಬಿಕೆಯ ವಿಷಯ ಒಂದು ವರ್ಷದಲ್ಲಿ ಹೇಳೋಕೆ ಆಗಲ್ಲ. ಇಲ್ಲಿವರೆಗೆ ಆಯಿಲ್, ಫಿಲ್ಟರ್ ಬಿಟ್ಟು ಖರ್ಚಿಲ್ಲ. ಪಕ್ಕದ ಬೀದಿಯ ಮೆಕ್ಯಾನಿಕ್ ಕೊಟ್ಟ ಎಚ್ಚರಿಕೆ ಯಾವ ಬ್ರೋಷರ್‌ನಲ್ಲೂ ಇರಲಿಲ್ಲ: "ಸಾರ್, ಇಂಜಿನ್ ಹಾಳಾಗೋದಕ್ಕಿಂತ ಜಾಸ್ತಿ ನಾನು ಇಲಿ ಕಡಿದ ವೈರ್ ಕಟ್ತೀನಿ." ಈಗ ವಾರಕ್ಕೊಮ್ಮೆ ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡುತ್ತೇನೆ. ಜುಲೈನಲ್ಲಿ ಒಂದು ದಿನ ಬ್ಯಾಟರಿ ಪಕ್ಕ ಅರ್ಧ ತಿಂದ ಕೊಬ್ಬರಿ ಚೂರು ಸಿಕ್ಕಿತು. ನಮ್ಮೂರಿನದೇ.

ಹೆಂಡತಿ ದಿನಾ ಬಳಸುವ ಬಟನ್ ಒಂದಿದೆ. ಇಂಡಿಕೇಟರ್ ಕಡ್ಡಿಯ ತುದಿಯಲ್ಲಿ. ಒತ್ತಿದರೆ ಎಡಗನ್ನಡಿಯ ಕೆಳಗಿನ ಕ್ಯಾಮೆರಾ ಕಾಣುವುದನ್ನು ಸ್ಕ್ರೀನ್ ಮೇಲೆ ತೋರಿಸುತ್ತದೆ. ಎಡದಿಂದ ತೂರುವ ಬೈಕ್‌ಗಳಿಗೆ ಅಂತ ಕೊಟ್ಟಿರುವುದು. ಅವಳು ನಮ್ಮ ಗೇಟ್ ಕಂಬ ನೋಡೋಕೆ ಬಳಸುತ್ತಾಳೆ. ಬಲಗಡೆಗೆ ಅಂಥ ಕ್ಯಾಮೆರಾ ಇಲ್ಲ.

ಹೋದ ತಿಂಗಳು ಹಿಂದಿನ ಬೀದಿಯ ಮೇಷ್ಟ್ರು ನಿಂತು "ಹೇಗಿದೆ ಗಾಡಿ?" ಅಂತ ಕೇಳಿದರು. "ಸೂಪರ್ ಮೇಷ್ಟ್ರೇ, ಕಣ್ಣು ಮುಚ್ಚಿ ತಗೊಳ್ಳಿ" ಅಂದೆ. ಅವರು ಬಲಗಡೆಯ ಹಿಂದಿನ ಬಾಗಿಲ ಮೇಲಿನ ಗೀರನ್ನೂ, ಗೇಟ್ ಕಂಬಕ್ಕೆ ಅಂಟಿದ್ದ ಬಿಳಿ ಬಣ್ಣವನ್ನೂ ಒಂದೊಂದು ಸಲ ನೋಡಿ, "ಟೇಪ್ ಇದೆಯೇನಪ್ಪ ಮನೇಲಿ?" ಅಂದರು.