ಸಂಜೆ ನಾಲ್ಕರ ರಂಪಾಟ ನಿಂತಿದ್ದು ಹೀಗೆ

ಡೇ ಕೇರ್ ನಡೆಸುವವರಿಗೆ ನಾಲ್ಕು ಗಂಟೆಯ ಕಥೆ ಹೇಳಬೇಕಿಲ್ಲ. ಕಚ್ಚುವುದು, ಕೂದಲು ಜಗ್ಗುವುದು, ಸುಮ್ಸುಮ್ನೆ ಅಳುವುದು. 'ಮಕ್ಕಳು ಅಂದ್ರೆ ಹಾಗೇ ಕಣೇ, ಟಿವಿ ಹಾಕಿ ಕೂರಿಸು' ಅಂತ ಇಲ್ಲೇ ದಾವಣಗೆರೆಯಲ್ಲಿ ಇದೇ ಕೆಲಸ ಮಾಡುವ ಗೆಳತಿ ನಕ್ಕಿದ್ದಳು. ಮೊನ್ನೆ ಅವಳೇ ಬಂದು ನೋಡಿ ಹೋದಳು.

ಮೊದಲು ನಿದ್ದೆ. ಮೂರು ನಾಲ್ಕು ವರ್ಷದ ಮಗುವಿಗೆ ಹಗಲಿನದೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮ್ಮ ತಾಯಂದಿರನ್ನು ವಿಚಾರಿಸಿದರೆ ಹೆಚ್ಚಿನ ಮಕ್ಕಳು ಮಲಗುವುದು ರಾತ್ರಿ 11ಕ್ಕೆ, ಏಳುವುದು 7ಕ್ಕೆ. ಮಿಕ್ಕ ಎರಡು ಗಂಟೆ ನಮ್ಮಲ್ಲೇ ಆಗಬೇಕು. ಆದರೆ ನಮ್ಮದು ಶೀಟಿನ ಮನೆ. ಏಪ್ರಿಲ್‌ನಲ್ಲಿ ಕಾದ ಹಂಚಿನ ಮೇಲೆ ಕೂತ ಹಾಗೆ. ಕಪ್ಪು ಪರದೆ ಹೊಲಿಸಿದೆ, 3,000ದ ಹತ್ತಿರ ಹೋಯಿತು. ಕತ್ತಲಾಯಿತು, ಸೆಕೆ ಇನ್ನೂ ಜಾಸ್ತಿಯಾಯಿತು. ಸೆಕೆಂಡ್ ಹ್ಯಾಂಡ್ ಕೂಲರ್ ತಂದೆ. ಅದರ ಸದ್ದಿಗೆ ಇದ್ದ ನಿದ್ದೆಯೂ ಹೋಯಿತು. ಅರ್ಧ ರೇಟಿಗೆ ಮಾರಿದೆ. ಕೊನೆಗೆ ಕೈ ಹಿಡಿದಿದ್ದು ಸುಣ್ಣ. ಶೀಟಿನ ಮೇಲೆ ಎರಡು ಸಲ ಬಳಿಸಿದ್ದಕ್ಕೆ ಕೂಲಿ ಸೇರಿ 900 ಇರಬಹುದು. ಬಿಳಿ ಬಣ್ಣಕ್ಕೆ ಬಿಸಿಲು ಅಷ್ಟಾಗಿ ಹಿಡಿಯುವುದಿಲ್ಲ. ಸುಣ್ಣಕ್ಕೆ ಏನು ಬೆರೆಸಿದರೆ ಮಳೆಗೆ ಬೇಗ ತೊಳೆದು ಹೋಗಲ್ಲ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ.

ಮಲಗಿಸುವ ಹೊತ್ತನ್ನು ಎರಡು ಗಂಟೆಯಿಂದ ಹನ್ನೆರಡೂವರೆಗೆ ತಂದೆ. ಅಸಲಿ ಗುಟ್ಟು ಇದೇ. ಎರಡಕ್ಕೆ ಮಲಗಿದ ಮಗುವನ್ನು ಅರೆನಿದ್ದೆಯಲ್ಲಿ ಎಬ್ಬಿಸಬೇಕು, ಅದು ರಂಪ ಮಾಡದೆ ಇನ್ನೇನು? ಮಲಗಲು ಬಿಟ್ಟರೆ ರಾತ್ರಿ 11ಕ್ಕೂ ಕಣ್ಣು ಮುಚ್ಚಲ್ಲ. ಸೊಳ್ಳೆ ಬತ್ತಿ ನಿಲ್ಲಿಸಿ ಕಿಟಕಿಗೆ ಜಾಲರಿ ಹೊಡೆಸಿದ ಮೇಲೆ ಕೆಮ್ಮಿ ಏಳುವುದೂ ಕಡಿಮೆಯಾಯಿತು.

ಇನ್ನು ಡಬ್ಬಿ. ಬಿಸ್ಕತ್ತು, ಇಲ್ಲವೇ ಮಂಡಕ್ಕಿ. ಮಂಡಕ್ಕಿ ನಮ್ಮೂರ ಮರ್ಯಾದೆ, ಅದನ್ನು ಬೈಯಲಾರೆ. ಆದರೆ ತಿಂದ ಗಂಟೆಯೊಳಗೆ ಮತ್ತೆ ಹಸಿವು. ಸಕ್ಕರೆ ತಿಂದು ಮಕ್ಕಳು ಕುಣಿಯುತ್ತವೆ ಅನ್ನುವ ಮಾತನ್ನು ಪರೀಕ್ಷೆ ಮಾಡಿದವರಿಗೆ ಅಂಥದ್ದೇನೂ ಕಂಡಿಲ್ಲ. ನನಗೂ ಕಂಡಿದ್ದು ಬರೀ ಹಸಿವೇ. ಮೊಟ್ಟೆ ಕೊಡೋಣ ಅಂದೆ, ಎರಡು ಮನೆಯವರು ಮಕ್ಕಳನ್ನೇ ಬಿಡಿಸಿಕೊಂಡರು. ತಿಂಗಳಿಗೆ ಐದಾರು ಸಾವಿರ ಹೊಡೆತ. ಆಮೇಲೆ ರಾಗಿ ಹುರಿಹಿಟ್ಟು, ಶೇಂಗಾ ಪುಡಿ, ಬೆಲ್ಲ ಸೇರಿಸಿ ಉಂಡೆ ಕಟ್ಟಿದೆ. ಇಡೀ ಶೇಂಗಾ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮಗುವಿಗೆ ಏಳೆಂಟು ರೂಪಾಯಿ ಬೀಳುತ್ತದೆ. ಎದ್ದ ಮೇಲೆ ಮೂರು ಗಂಟೆಗೆ ಕೊಡುತ್ತೇನೆ. ಟೀ ಪೂರ್ತಿ ಬಂದ್. ಊಟದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ.

ಒಬ್ಬ ಹುಡುಗ ಮಾತ್ರ ಇಷ್ಟಾದರೂ ಬಗ್ಗಲಿಲ್ಲ. ನೆಲದ ಮೇಲೆ ಚಾಪೆ, ಚಾಪೆ ಬದಲು ಹಾಸಿಗೆ, ಮೂಲೆಯ ಜಾಗ, ಎಲ್ಲ ನೋಡಿದೆ. 'ರಾತ್ರಿಯೆಲ್ಲ ಹಿಂದೆ ಕೆರೆದುಕೊಳ್ಳುತ್ತಾನೆ ಟೀಚರ್' ಅಂತ ಅವನ ತಾಯಿ ಒಮ್ಮೆ ಬಾಯಿಬಿಟ್ಟರು. ಜಂತುಹುಳು! ಡಾಕ್ಟರು ಮನೆಯವರಿಗೆಲ್ಲ ಮಾತ್ರೆ ಕೊಟ್ಟರು. ಉಗುರು ಕತ್ತರಿಸಿ, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಲು ಹೇಳಿದರು. ಎರಡು ಮೂರು ವಾರದಲ್ಲಿ ಎಲ್ಲರಿಗಿಂತ ಮೊದಲು ಮಲಗುವವನು ಅವನೇ ಆದ.

ಸೋಮವಾರ ಮಾತ್ರ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ಭಾನುವಾರ ಮದುವೆ ಮನೆ, ಮೊಬೈಲ್, ಮಲಗುವುದು ಹನ್ನೆರಡಕ್ಕೆ. ಹಾಗಾಗಿ ಅವತ್ತು ಹನ್ನೆರಡಕ್ಕೇ ಮಲಗಿಸುತ್ತೇನೆ, ಆಯಾಗೆ ರಜೆ ಕೊಡುವುದಿಲ್ಲ.