ನೆರ್ಮಿನ್ ಹನಿಮ್‌ಗೊಬ್ಬ ಮಗ

ಟರ್ಕಿಯ ಇಜ್ಮಿರ್‌ನಲ್ಲಿ ಎರಡು ವರ್ಷ ಇದ್ದು ಬಂದವಳು ನಾನು. ಅಲ್ಲಿಗೆ ಕೆಲಸಕ್ಕೆ ಹೋದವರ ಬಗ್ಗೆ ಕಾದಂಬರಿ ಬರೆಯಲು ಅಷ್ಟು ಸಾಕು ಅಂದುಕೊಂಡಿದ್ದೆ. ಮೊದಲ ಕರಡಿನಲ್ಲಿ ಮೈಸೂರಿನ ಶಾಲಿನಿ ಇಜ್ಮಿರ್‌ನ ಕಾರ್ಶಿಯಾಕಾ ಎಂಬ ಭಾಗದಲ್ಲಿ ಬಾಡಿಗೆಗಿರುತ್ತಾಳೆ. ಮನೆ ಒಡತಿ ನೆರ್ಮಿನ್ ಹನಿಮ್ (ಹನಿಮ್ ಅಂದರೆ ನಮ್ಮ 'ಅಮ್ಮನವರು' ಇದ್ದಂತೆ) ಸಣ್ಣ ಸೊಂಟದ ಗಾಜಿನ ಲೋಟದಲ್ಲಿ ಚಹಾ ಕೊಡುತ್ತಾಳೆ, ಅಶುರೆ ಪಾಯಸ ಕಳಿಸುತ್ತಾಳೆ, ಒಗಟಿನಂಥ ಮಾತಾಡುತ್ತಾಳೆ. ಓದಿದ ಗೆಳತಿ ಕೇಳಿದಳು: "ಈಯಮ್ಮಂಗೆ ನಿನ್ನ ಶಾಲಿನೀನ ಉಪಚರಿಸೋದು ಬಿಟ್ರೆ ಬೇರೆ ಬದುಕಿಲ್ವೇನೇ?"

ಪೆಚ್ಚಾದೆ. ಬದುಕು ಹುಡುಕಲು ಹೊರಟು ಬಾಡಿಗೆಯ ಲೆಕ್ಕಕ್ಕೆ ಬಂದು ನಿಂತೆ. 2022ರ ಅಕ್ಟೋಬರ್‌ನಲ್ಲಿ ಟರ್ಕಿಯ ಹಣದುಬ್ಬರ ಸರ್ಕಾರಿ ಲೆಕ್ಕದಲ್ಲೇ ಶೇ. 85 ದಾಟಿತ್ತು. ಆದರೆ 2022ರ ಜೂನ್‌ನಿಂದ 2024ರ ಜುಲೈ 1ರವರೆಗೆ, ಇದ್ದ ಬಾಡಿಗೆದಾರರಿಗೆ ವರ್ಷಕ್ಕೆ ಶೇ. 25ಕ್ಕಿಂತ ಹೆಚ್ಚು ಏರಿಸುವಂತಿರಲಿಲ್ಲ. ಇವರು ಬಿಟ್ಟುಹೋದರೆ ಸಾಕಪ್ಪಾ ಎಂದು ಕಾಯುವ ಮಾಲೀಕರು ಆಗ ಬೇಕಾದಷ್ಟು. ಮಕ್ಕಳಿಗೆ ಮನೆ ಬೇಕು ಅಂದರೆ ಬಿಡಿಸಲು ಅಲ್ಲಿನ ಕಾನೂನಿನಲ್ಲಿ ದಾರಿಯಿದೆ. ಸರಿ, ನೆರ್ಮಿನ್‌ಗೊಬ್ಬ ಮಗನನ್ನು ಕೊಟ್ಟೆ. ಈಗಲೂ ಆಕೆ ಅಶುರೆ ಕಳಿಸುತ್ತಾಳೆ. ಶಾಲಿನಿ ಬಟ್ಟಲನ್ನು ಬರಿದಾಗಿ ಹಿಂದಿರುಗಿಸದೆ ಕೋಡುಬಳೆ ಹಾಕಿ ಕೊಡುತ್ತಾಳೆ (ಈ ರೂಢಿ ಅಲ್ಲೂ ಇದೆ). ಕೋಡುಬಳೆ ಮುರಿಯುತ್ತಲೇ ನೆರ್ಮಿನ್ ಕೇಳುತ್ತಾಳೆ, "ನಿಮ್ಮ ಕಂಪನಿಯವರು ವಾಪಸ್ ಕರೆಸಿಕೊಳ್ಳೋದು ಯಾವಾಗ?"

ಶಾಲಿನಿಯನ್ನು ಉಳಿಸಿದ್ದು ಕನ್ನಡ. ಟರ್ಕಿಶ್‌ನಲ್ಲಿ ಕಂಡದ್ದಕ್ಕೊಂದು, ಕೇಳಿದ್ದಕ್ಕೊಂದು ಭೂತಕಾಲ. 'ಗೆಲ್ದಿ' ಅಂದರೆ ಬಂದರು. 'ಗೆಲ್ಮಿಶ್' ಅಂದರೆ ಬಂದರಂತೆ. ನಮ್ಮ 'ಅಂತೆ' ಅಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಮೊದಲ ಅಧ್ಯಾಯದಲ್ಲಿದ್ದ ಅವಳ ವರ್ಣನೆಯನ್ನೆಲ್ಲ ಕಿತ್ತುಹಾಕಿ, ಮೆಟ್ಟಿಲ ಮೇಲಿನ ಹೆಂಗಸರ ಬಾಯಿಗೆ ಬಿಟ್ಟೆ: "ಮಾಂಸ ಮುಟ್ಟಲ್ವಂತೆ. ರಾತ್ರಿಯೆಲ್ಲ ಫೋನಿನಲ್ಲೇ ಇರ್ತಾಳಂತೆ."

ತೊಡಕಾದದ್ದು ಲಿಂಗ. ಟರ್ಕಿಶ್‌ನಲ್ಲಿ ಅವನಿಗೂ ಅವಳಿಗೂ ಒಂದೇ 'ಓ'. ಶಾಲಿನಿಯ ಮನೆಗೆ ಬಂದುಹೋದದ್ದು ಗಂಡಸೋ ಹೆಂಗಸೋ ಎಂಬ ಅನುಮಾನದ ಮೇಲೆಯೇ ಒಂದು ಅಧ್ಯಾಯ ನಿಂತಿದೆ. ಕನ್ನಡದ ಕ್ರಿಯಾಪದ ಬಾಯಿಬಿಟ್ಟರೆ ಗುಟ್ಟು ರಟ್ಟು. ಎರಡು ವಾರ ಒದ್ದಾಡಿದ ಮೇಲೆ ಬಹುವಚನ ಕಾಪಾಡಿತು: "ನಿನ್ನೆ ಯಾರೋ ಬಂದಿದ್ರಂತೆ."

ಈಗ ತಿದ್ದುತ್ತಿರುವುದು ಬಾಗಿಲ ಬಳಿಯ ದೃಶ್ಯ. ಇನ್ನೊಂದು ವರ್ಷ ಇರಬಹುದಾ ಎಂದು ಶಾಲಿನಿ ಕೇಳುತ್ತಾಳೆ. ನೆರ್ಮಿನ್ ಹುಬ್ಬೇರಿಸಿ, ತಲೆಯನ್ನು ತುಸು ಹಿಂದಕ್ಕೆತ್ತಿ 'ಚ್' ಅನ್ನುತ್ತಾಳೆ. ಅಲ್ಲಿ ಅದಕ್ಕೆ 'ಇಲ್ಲ' ಎಂದರ್ಥ. ಶಾಲಿನಿ ಮಾತ್ರ, ಪಾಪ, ತನಗಾಗಿ ಲೊಚಗುಟ್ಟಿದರು ಅಂದುಕೊಂಡು ಥ್ಯಾಂಕ್ಸ್ ಹೇಳುತ್ತಾಳೆ.