ಕ್ರಿಪ್ಟೊ ಮಾರುಕಟ್ಟೆಯ ಬೆಲೆ ಕೈಚಳಕದಿಂದ ಸಣ್ಣ ಹೂಡಿಕೆಯನ್ನು ಕಾಪಾಡಿಕೊಳ್ಳುವುದು ಹೇಗೆ?

ಸ್ಟಾಪ್ ಲಾಸ್ (ಬೆಲೆ ಇಂತಿಷ್ಟಕ್ಕಿಳಿದರೆ ತಾನಾಗಿ ಮಾರುವಂತೆ ಮೊದಲೇ ಕೊಟ್ಟ ಆದೇಶ) ಹಾಕಿಟ್ಟ ಬೆಲೆಯನ್ನು ಮುಟ್ಟುವಷ್ಟೇ ಇಳಿದು, ಹತ್ತು ನಿಮಿಷದೊಳಗೆ ಮತ್ತೆ ಮೇಲಕ್ಕೆ ಹೋದ ಟೋಕನ್‌ನ (ಕ್ರಿಪ್ಟೊ ನಾಣ್ಯದ) ಬೆಲೆಯ ಚಿತ್ರವನ್ನು ಹಂಚಿಕೊಂಡು, ‘ನಮ್ಮನ್ನು ಹೊರದಬ್ಬಲೆಂದೇ ಹೀಗೆ ಮಾಡಿದರು’ ಎಂದು ಹೇಳುವ ಸಣ್ಣ ವಹಿವಾಟುದಾರರ ಮಾತಿನಲ್ಲಿ ಹುರುಳಿಲ್ಲವೆಂದು ತಳ್ಳಿಹಾಕಲಾಗದು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ನೆಕ್ಸ್‌ಫಂಡ್‌ಎಐ ಎಂಬ ಟೋಕನ್ನನ್ನು ತಾನೇ ಹುಟ್ಟುಹಾಕಿ, ಹಣ ಪಡೆದು ಅದಕ್ಕೆ ಸುಳ್ಳು ವಹಿವಾಟು ತೋರಿಸಿಕೊಡಲು ಮುಂದಾದವರನ್ನು ಬಲೆಗೆ ಕೆಡವಿತು. ಈ ತನಿಖೆಯ ಫಲವಾಗಿ 2024ರ ಅಕ್ಟೋಬರ್‌ನಲ್ಲಿ ಬಾಸ್ಟನ್‌ನ ಸರ್ಕಾರಿ ವಕೀಲರು ಒಟ್ಟು 18 ವ್ಯಕ್ತಿಗಳು ಮತ್ತು ಸಂಸ್ಥೆಗಳ ಮೇಲೆ ಆರೋಪ ಹೊರಿಸಿದರು. ಸುಳ್ಳು ವಹಿವಾಟು ಎಂಬುದು ದರಪಟ್ಟಿಯಿಟ್ಟು ಮಾರುವ ಸೇವೆಯಾಗಿತ್ತು ಎಂಬುದು ಅಲ್ಲಿ ಬಯಲಾಯಿತು. ಆದರೂ ಪ್ರತಿ ನಷ್ಟದ ಹಿಂದೆಯೂ ಯಾರದೋ ಕೈ ಇದೆ ಎಂದು ನಂಬಿದರೆ, ತಡೆಯಬಹುದಾದ ನಷ್ಟವೂ ತಡೆಯಲಾಗದ ನಷ್ಟವೂ ಒಂದೇ ಆಗಿಬಿಡುತ್ತವೆ. ಅವೆರಡನ್ನು ಬೇರ್ಪಡಿಸಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ನಮ್ಮ ಸ್ಥಿತಿಯನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಷೇರು ಪೇಟೆಯಲ್ಲಿ ಬೆಲೆ ತಿರುಚುವವರ ಮೇಲೆ ನಿಯಂತ್ರಕ ಸಂಸ್ಥೆ ಸೆಬಿಯ ಕಣ್ಗಾವಲಿದೆ, ಬೆಲೆಯ ಏರಿಳಿತಕ್ಕೆ ಸರ್ಕ್ಯೂಟ್ ಮಿತಿಗಳಿವೆ. ಭಾರತದ ಕ್ರಿಪ್ಟೊ ವಿನಿಮಯ ಕೇಂದ್ರಗಳು 2023ರ ಮಾರ್ಚ್‌ನಿಂದ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿದ್ದು, ಹಣಕಾಸು ಗುಪ್ತಚರ ಘಟಕದ (ಎಫ್‌ಐಯು) ಬಳಿ ನೋಂದಾಯಿಸಿಕೊಳ್ಳುತ್ತವೆ. ಆ ನೋಂದಣಿ ಹಣದ ಮೂಲದ ಮೇಲೆ ನಿಗಾ ಇಡಲು ಮಾತ್ರ. ನೀವು ಕೊಳ್ಳುವ ಟೋಕನ್‌ನ ಬೆಲೆ ನ್ಯಾಯವಾದುದು ಎಂಬುದಕ್ಕೆ ಅದು ಖಾತರಿಯಲ್ಲ. ಜಾಹೀರಾತಿನಲ್ಲಿ ಅದನ್ನು ಸುರಕ್ಷತೆಯ ಮುದ್ರೆಯಂತೆ ತೋರಿಸಿದರೆ ಮರುಳಾಗಬೇಡಿ.

ಕೊಳ್ಳುವ ಮುನ್ನ ನೋಡಬೇಕಾದುದು 24 ಗಂಟೆಗಳ ವಹಿವಾಟಿನ ಮೊತ್ತವನ್ನಲ್ಲ, ಆರ್ಡರ್ ಬುಕ್ಕನ್ನು, ಅಂದರೆ ಯಾವ ಬೆಲೆಗೆ ಎಷ್ಟು ಕೊಳ್ಳಲು, ಮಾರಲು ಜನ ಕಾದಿದ್ದಾರೆ ಎಂಬ ಪಟ್ಟಿಯನ್ನು. ಬಿಟ್‌ವೈಸ್ ಎಂಬ ಸಂಸ್ಥೆ 2019ರಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗಕ್ಕೆ ಸಲ್ಲಿಸಿದ ವಿಶ್ಲೇಷಣೆಯಲ್ಲಿ, ಆಗ ವರದಿಯಾಗುತ್ತಿದ್ದ ಬಿಟ್‌ಕಾಯಿನ್ ವಹಿವಾಟಿನ ಸುಮಾರು ಶೇ 95ರಷ್ಟು ಹುಸಿ ಎಂದು ಹೇಳಿತ್ತು. ಬಿಟ್‌ಕಾಯಿನ್‌ನ ಗತಿಯೇ ಹೀಗಿದ್ದಾಗ, ಹೆಸರು ಕೇಳದ ಟೋಕನ್‌ಗಳ ಅಂಕಿಗಳನ್ನು ಎಷ್ಟು ನಂಬಬಹುದೆಂದು ನೀವೇ ಲೆಕ್ಕ ಹಾಕಿಕೊಳ್ಳಿ. ಆರ್ಡರ್ ಬುಕ್ ಓದುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಒಂದು ಟೋಕನ್‌ನ ಬೆಲೆ 10 ರೂಪಾಯಿ. ದಿನದ ವಹಿವಾಟು 5 ಕೋಟಿ ಎಂದು ತೋರಿಸುತ್ತಿದೆ. ಆದರೆ ಕೊಳ್ಳುವವರ ಸಾಲಿನಲ್ಲಿ 10 ರೂಪಾಯಿಯಿಂದ 9.90ರವರೆಗೆ ಇರುವ ಆರ್ಡರ್‌ಗಳ ಮೊತ್ತ 40 ಸಾವಿರ ಮಾತ್ರ, 9.50ರವರೆಗೆ ಎಲ್ಲವನ್ನೂ ಕೂಡಿಸಿದರೂ ಒಂದೂವರೆ ಲಕ್ಷ. ನಿಮ್ಮ ಬಳಿ ಒಂದು ಲಕ್ಷ ರೂಪಾಯಿಯ ಟೋಕನ್ ಇದ್ದು ಅದನ್ನು ಮಾರ್ಕೆಟ್ ಆರ್ಡರ್‌ನಲ್ಲಿ (ಸಿಕ್ಕ ಬೆಲೆಗೆ ಕೂಡಲೇ) ಮಾರಿದರೆ, ಕೊನೆಯ ಪಾಲು 9.70ರ ಆಸುಪಾಸಿನಲ್ಲಿ ಹೋಗುತ್ತದೆ. ಅಂದರೆ ನೀವೊಬ್ಬರೇ ಬೆಲೆಯನ್ನು ಶೇ 3ರಷ್ಟು ಇಳಿಸಿದಂತಾಯಿತು. ಹಾಗಿದ್ದಮೇಲೆ 9.60ಕ್ಕೆ ಇಟ್ಟಿದ್ದ ನಿಮ್ಮ ಸ್ಟಾಪ್ ಲಾಸ್ ಮುಟ್ಟಿಸಲು ಯಾವ ತಿಮಿಂಗಿಲವೂ (ಭಾರಿ ಹೂಡಿಕೆದಾರ) ಬೇಕಿಲ್ಲ, ಅವಸರದಲ್ಲಿರುವ ಇನ್ನೊಬ್ಬ ಸಣ್ಣ ಮಾರಾಟಗಾರ ಸಾಕು.

ಅದೇ ಪರದೆಯನ್ನು ಇನ್ನೂ ಸ್ವಲ್ಪ ಹೊತ್ತು ಗಮನಿಸಿ. ಬೆಲೆ ದೂರವಿದ್ದಾಗ ಗೋಡೆಯಂತೆ ನಿಂತಿದ್ದ ದೊಡ್ಡ ಆರ್ಡರ್, ಬೆಲೆ ಹತ್ತಿರ ಬರುತ್ತಿದ್ದಂತೆ ಮಾಯವಾಗಿ, ಮತ್ತೆ ದೂರ ಹೋದಾಗ ಪ್ರತ್ಯಕ್ಷವಾದರೆ, ಅದು ಕೊಳ್ಳಲು ಬಂದದ್ದಲ್ಲ, ನಿಮ್ಮ ನಿರ್ಧಾರವನ್ನು ಕದಲಿಸಲು ಬಂದದ್ದು ಎಂದು ಶಂಕಿಸಬಹುದು. ನಡೆದ ವಹಿವಾಟುಗಳ ಪಟ್ಟಿಯಲ್ಲಿ ಒಂದೇ ಗಾತ್ರದ ಕೊಳ್ಳುವಿಕೆ ಮತ್ತು ಮಾರಾಟ ಗಡಿಯಾರದ ಮುಳ್ಳಿನಂತೆ ಸಮ ಅಂತರದಲ್ಲಿ ಬರುತ್ತಿದ್ದು, ಬೆಲೆ ಮಾತ್ರ ಅಲ್ಲಾಡದಿದ್ದರೆ, ಅದು ಒಬ್ಬರೇ ಎಡಗೈಯಿಂದ ಬಲಗೈಗೆ ದಾಟಿಸುವ ಆಟವಾಗಿರುವ ಸಂಭವವಿದೆ. ಇವು ಸುಳಿವುಗಳೇ ಹೊರತು ಪುರಾವೆಗಳಲ್ಲ. ಆದರೆ ಕೊಳ್ಳದೇ ಇರಲು ಪುರಾವೆ ಬೇಕಾಗಿಲ್ಲ.

ಹೊಸ ಟೋಕನ್‌ಗಳಿಗೆ ಇನ್ನೂ ಎರಡು ಪರೀಕ್ಷೆಗಳು ಅಗತ್ಯ. ಕ್ರಿಪ್ಟೊ ವ್ಯವಹಾರಗಳ ದಾಖಲೆ ತೋರಿಸುವ ಈಥರ್‌ಸ್ಕ್ಯಾನ್ ಅಥವಾ ಸೋಲ್‌ಸ್ಕ್ಯಾನ್‌ನಂತಹ ತಾಣದಲ್ಲಿ ಟೋಕನ್‌ನ ಕಾಂಟ್ರ್ಯಾಕ್ಟ್ (ಅದನ್ನು ನಡೆಸುವ ಪ್ರೋಗ್ರಾಂ) ವಿಳಾಸವನ್ನು ಹಾಕಿ, ವಿನಿಮಯ ಕೇಂದ್ರಗಳ ಮತ್ತು ಲಿಕ್ವಿಡಿಟಿ ಪೂಲ್‌ನ (ಕೊಳ್ಳಲು ಮಾರಲು ಕೂಡಿಟ್ಟ ನಿಧಿ) ವಿಳಾಸಗಳನ್ನು ಬಿಟ್ಟು, ಮೊದಲ ಹತ್ತು ವಾಲೆಟ್‌ಗಳಲ್ಲಿ (ಟೋಕನ್ ಇಡುವ ಖಾತೆಗಳಲ್ಲಿ) ಎಷ್ಟು ಪಾಲು ಸೇರಿಕೊಂಡಿದೆ ಎಂದು ನೋಡಬೇಕು; ಪಾಲು ಕೆಲವರ ಕೈಯಲ್ಲೇ ಇದ್ದರೆ ಅವರು ಮಾರಿದೊಡನೆ ಬೆಲೆ ಕುಸಿಯಬಹುದು. ಬಳಿಕ ಕಳೆದುಕೊಂಡರೂ ಬಾಧಕವಿಲ್ಲದಷ್ಟು ಚಿಕ್ಕ ಮೊತ್ತಕ್ಕೆ ಕೊಂಡು, ಕೂಡಲೇ ಮಾರಿ ನೋಡಬೇಕು. ಇದೂ ಪೂರ್ಣ ರಕ್ಷಣೆಯಲ್ಲ, ಏಕೆಂದರೆ ಮಾರಾಟವನ್ನು ಆಮೇಲೆ ತಡೆಯುವಂತೆ ಬರೆದ ಕಾಂಟ್ರ್ಯಾಕ್ಟ್‌ಗಳೂ ಇವೆ. 2021ರ ನವೆಂಬರ್‌ನಲ್ಲಿ ಜನಪ್ರಿಯ ಕೊರಿಯನ್ ಧಾರಾವಾಹಿಯ ಹೆಸರಿನಲ್ಲಿ ಬಂದ ಸ್ಕ್ವಿಡ್ ಟೋಕನ್ 2,800 ಡಾಲರ್ ದಾಟಿ ನಿಮಿಷಗಳಲ್ಲಿ ಒಂದು ಸೆಂಟ್‌ಗಿಂತ ಕೆಳಗಿಳಿದಾಗ, ಬಹುತೇಕ ಕೊಂಡವರಿಗೆ ಅದನ್ನು ಮಾರಲು ಸಾಧ್ಯವೇ ಆಗಿರಲಿಲ್ಲ. ದೊಡ್ಡವರ ಹೆಸರೂ ಆಸರೆಯಲ್ಲ: 2025ರ ಫೆಬ್ರುವರಿಯಲ್ಲಿ ಅರ್ಜೆಂಟೀನಾದ ಅಧ್ಯಕ್ಷ ಹಾವಿಯೇರ್ ಮಿಲೇ ತಮ್ಮ ಖಾತೆಯಲ್ಲಿ ಪ್ರಸ್ತಾಪಿಸಿದ ಲಿಬ್ರಾ ಟೋಕನ್ ಕೆಲವೇ ಗಂಟೆಗಳಲ್ಲಿ ಏರಿ ನೆಲಕಚ್ಚಿತು.

ಲೆವರೇಜ್‌ನ, ಅಂದರೆ ಸಾಲದ ಬಲದಿಂದ ಕೈಯಲ್ಲಿರುವುದಕ್ಕಿಂತ ದೊಡ್ಡ ವಹಿವಾಟು ಮಾಡುವ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾದುದು: ಕೈಚಳಕದ ಬಗ್ಗೆ ದೂರುವವರು ಅದನ್ನು ಮುಟ್ಟಲೇಬಾರದು. ಇಪ್ಪತ್ತು ಪಟ್ಟು ಲೆವರೇಜ್ ತೆಗೆದುಕೊಂಡವರ ಮಾರ್ಜಿನ್ ಹಣವು (ತಾವು ಇಟ್ಟ ಠೇವಣಿ) ಬೆಲೆ ಶೇ 5 ಇಳಿಯುವ ಮುನ್ನವೇ ಖಾಲಿಯಾಗುತ್ತದೆ, ಮತ್ತು ಕ್ರಿಪ್ಟೊದಲ್ಲಿ ಅಷ್ಟು ಏರಿಳಿತ ಮಾಮೂಲಿ. 2025ರ ಅಕ್ಟೋಬರ್ 10ರಂದು ಚೀನಾದ ಮೇಲೆ ಅಮೆರಿಕದ ಹೆಚ್ಚುವರಿ ಶೇ 100 ಸುಂಕದ ಘೋಷಣೆ ಹೊರಬಿದ್ದ ಬಳಿಕ, ಒಂದು ದಿನದಲ್ಲಿ 1,900 ಕೋಟಿ ಡಾಲರ್‌ಗೂ ಹೆಚ್ಚಿನ ಲೆವರೇಜ್ ವಹಿವಾಟುಗಳು ಬಲವಂತವಾಗಿ ಮುಚ್ಚಿಹೋದವು. ಅದೇ ಹೊತ್ತಿನಲ್ಲಿ ಒಂದು ಡಾಲರ್‌ಗೆ ಸಮನಾಗಿರಬೇಕಿದ್ದ ಯುಎಸ್‌ಡಿಇ ಎಂಬ ಟೋಕನ್ ಬೈನಾನ್ಸ್ ವಿನಿಮಯ ಕೇಂದ್ರದಲ್ಲಿ ಸುಮಾರು 65 ಸೆಂಟ್‌ಗೆ ಕುಸಿಯಿತು. ಬೇರೆಡೆ ಅಷ್ಟು ಕುಸಿದಿರಲಿಲ್ಲ. ಅದನ್ನು ಅಡಮಾನವಾಗಿಟ್ಟಿದ್ದವರು ಒಂದೇ ಕೇಂದ್ರದ ಬೆಲೆಗೆ ಬಲಿಯಾದರು, ಬೈನಾನ್ಸ್ ಅನಂತರ ಪರಿಹಾರವನ್ನೂ ಕೊಟ್ಟಿತು. ಇಂತಹ ಲೆವರೇಜ್ ವಹಿವಾಟು ನಡೆಯುವ ಫ್ಯೂಚರ್ಸ್ ಬಿಡಲೊಲ್ಲದವರು, ತಮ್ಮ ಕೇಂದ್ರವು ಲಿಕ್ವಿಡೇಶನ್‌ಗೆ (ಬಲವಂತವಾಗಿ ಮುಚ್ಚಲು) ಕೊನೆಯ ವಹಿವಾಟಿನ ಬೆಲೆಯನ್ನು ಬಳಸುತ್ತದೆಯೋ, ಹಲವು ಕೇಂದ್ರಗಳ ಸರಾಸರಿಯನ್ನು ಆಧರಿಸಿದ ಮಾರ್ಕ್ ಪ್ರೈಸ್ ಬಳಸುತ್ತದೆಯೋ ಎಂಬುದನ್ನಾದರೂ ನಿಯಮಾವಳಿಯಲ್ಲಿ ಓದಿಕೊಳ್ಳಲಿ.

ಆರ್ಡರ್ ಹಾಕುವಾಗ ಲಿಮಿಟ್ ಆರ್ಡರ್ (ನೀವು ಗೊತ್ತುಮಾಡಿದ ಬೆಲೆಗೆ ಅಥವಾ ಅದಕ್ಕಿಂತ ಒಳ್ಳೆಯ ಬೆಲೆಗೆ ಮಾತ್ರ ನಡೆಯುವ ಆರ್ಡರ್) ಬಳಸಿ. ಎಲ್ಲರೂ ಸ್ಟಾಪ್ ಇಡುವ 100, 50ರಂತಹ ಗುಂಡು ಅಂಕಿಗಳನ್ನು ಬಿಟ್ಟು ಬೇರೆ ಬೆಲೆಗೆ ನಿಮ್ಮ ಸ್ಟಾಪ್ ಲಾಸ್ ಇಡಿ.

ತೆರಿಗೆಯನ್ನು ಮರೆತು ಮಾಡಿದ ಲೆಕ್ಕ ಲೆಕ್ಕವೇ ಅಲ್ಲ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ ಇದೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಒಂದು ಟೋಕನ್‌ನಲ್ಲಿ ಲಕ್ಷ ಗಳಿಸಿ, ಕೈಚಳಕಕ್ಕೆ ಸಿಕ್ಕಿ ಇನ್ನೊಂದರಲ್ಲಿ ಲಕ್ಷ ಕಳೆದುಕೊಂಡವರು, ಕೈಯಲ್ಲಿ ಏನೂ ಉಳಿಯದಿದ್ದರೂ ಸೆಸ್ ಸೇರಿ 31,200 ರೂಪಾಯಿ ಕಟ್ಟಬೇಕಾಗುತ್ತದೆ. ಮಾರಾಟದ ಮೇಲೆ ಕಡಿತವಾಗುವ ಶೇ 1 ಟಿಡಿಎಸ್ ರಿಟರ್ನ್ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದಾದರೂ, ಪದೇ ಪದೇ ಕೊಂಡು ಮಾರುವವರ ಬಂಡವಾಳ ಅಲ್ಲಿಯವರೆಗೆ ಸಿಕ್ಕಿಹಾಕಿಕೊಂಡಿರುತ್ತದೆ.

ಅನ್ಯಾಯವಾಗಿದೆ ಎಂದು ಖಚಿತವೆನಿಸಿದಾಗ ಏನು ಮಾಡಬಹುದು? ಕಾನೂನಿನ ಮೇಲೆ ಅತಿಯಾದ ನಿರೀಕ್ಷೆ ಬೇಡ. 2022ರಲ್ಲಿ ಮ್ಯಾಂಗೊ ಮಾರ್ಕೆಟ್ಸ್ ಎಂಬ ಕ್ರಿಪ್ಟೊ ವಹಿವಾಟು ವೇದಿಕೆಯಲ್ಲಿ ಬೆಲೆಯನ್ನು ಏರಿಸಿ ಸುಮಾರು 11 ಕೋಟಿ ಡಾಲರ್ ಹೊರತೆಗೆದ ಅವ್ರಹಾಂ ಐಸೆನ್‌ಬರ್ಗ್ ಅವರನ್ನು ಅಮೆರಿಕದ ಜ್ಯೂರಿ 2024ರಲ್ಲಿ ತಪ್ಪಿತಸ್ಥರೆಂದಿತು. ಮರುವರ್ಷ ನ್ಯಾಯಾಧೀಶರು ಆ ತೀರ್ಪನ್ನು ಬದಿಗೊತ್ತಿದರು. ವಿನಿಮಯ ಕೇಂದ್ರದ ತಪ್ಪು ಎನಿಸಿದರೆ, ಆರ್ಡರ್ ಸಂಖ್ಯೆ, ಸೆಕೆಂಡಿನವರೆಗಿನ ಸಮಯ, ಅದೇ ಕ್ಷಣದಲ್ಲಿ ಇತರ ಎರಡು ಕೇಂದ್ರಗಳಲ್ಲಿದ್ದ ಬೆಲೆ ಮತ್ತು ಆರ್ಡರ್ ಬುಕ್‌ನ ಸ್ಕ್ರೀನ್‌ಶಾಟ್ ಸೇರಿಸಿ ಲಿಖಿತ ದೂರು ಕೊಡಿ. ‘ಮೋಸ ಮಾಡಿದ್ದೀರಿ’ ಎಂಬ ಒಂದು ಸಾಲಿನ ದೂರಿಗೆ ಸಿದ್ಧ ಉತ್ತರವಷ್ಟೇ ಬರುತ್ತದೆ. ಟೆಲಿಗ್ರಾಂ ಗುಂಪಿನ ಮಾತು ನಂಬಿ ಹಣ ವರ್ಗಾಯಿಸಿ ಮೋಸಹೋಗಿದ್ದರೆ ಅದು ಮಾರುಕಟ್ಟೆಯ ವಿಷಯವಲ್ಲ, ಸೈಬರ್ ಅಪರಾಧ. ಆಗ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಏಕೆಂದರೆ ಹಣ ಬ್ಯಾಂಕ್ ಖಾತೆಗಳಲ್ಲಿ ಇರುವಾಗ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು, ಕ್ರಿಪ್ಟೊ ಆಗಿ ಬದಲಾದ ಮೇಲೆ ಹಿಂಪಡೆಯುವುದು ಬಹಳ ಕಷ್ಟ.